ವೇಗದೇವತೆಗೆ ನೈವೇದ್ಯ

ಮನೆಯ ಗೋಡೆಯಲ್ಲೊಂದು ಗೂಡು ಮಾಡಿ, ಇಷ್ಟದೇವತೆಯನ್ನು ಅದರಲ್ಲಿರಿಸಿ, ಎದುರಿಗೆ ಹಣ್ಣುಕಾಯಿಗಳನ್ನಿಡುವುದು ನಮ್ಮ ಜನದ ರೂಢಿ. ಭೂಗೋಲದ ದಕ್ಷಿಣದ ಅಂಚಿನಲ್ಲಿರುವ ನ್ಯೂಜಿಲೆಂಡ್ ದೇಶದ ಇನ್ವರ್ಕಾರ್ಗಿಲ್ ಎಂಬ ನಗರದಲ್ಲಿ, ಒಬ್ಬ ವೃದ್ಧನ ಗಾರೇಜಿನಲ್ಲಿಯೂ ಇಂಥದೇ ಒಂದು ಗೂಡಿತ್ತು. ಆದರೆ ಅದರಲ್ಲಿ ವಿಗ್ರಹವಿರಲಿಲ್ಲ, ಹೂವಿರಲಿಲ್ಲ, ಹಣ್ಣಿರಲಿಲ್ಲ. ಇದ್ದುವೆಲ್ಲ ಕರಗಿ ತೂತುಬಿದ್ದ ಪಿಸ್ಟನ್ನುಗಳು, ಮುರಿದ ಉಕ್ಕಿನ ದಂಡಗಳು, ಒಡೆದ ಎಂಜಿನ್ ಭಾಗಗಳು. ಬೇರೆಯವರಾದರೆ ಗುಜರಿಗೆ ಎಸೆಯುತ್ತಿದ್ದ ಆ ಕಬ್ಬಿಣದ ಚೂರುಗಳನ್ನು ಆತನು ಸಾಲಾಗಿ ಜೋಡಿಸಿ, ಅದಕ್ಕೊಂದು ಫಲಕವನ್ನೂ ಬರೆದಿದ್ದನು. ಅದರ ಅರ್ಥ: ವೇಗದೇವತೆಗೆ ನೈವೇದ್ಯ.

ಆ ವೃದ್ಧನ ಹೆಸರು ಹರ್ಬರ್ಟ್ ಜೇಮ್ಸ್ ಮನ್ರೋ. ಜನ ಅವನನ್ನು ಬರ್ಟ್ ಮನ್ರೋ ಎಂದೇ ಕರೆದರು. ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕೊಂಡ ಒಂದು ಮೋಟಾರು ಸೈಕಲನ್ನು ಆತನು ಅರುವತ್ತೆಂಟನೆಯ ವಯಸ್ಸಿನಲ್ಲಿ ಓಡಿಸಿ, ತನ್ನ ವರ್ಗದಲ್ಲಿ ಜಗತ್ತಿನ ವೇಗದಾಖಲೆಯನ್ನು ಸ್ಥಾಪಿಸಿದನು. ನಡುವಣ ನಲವತ್ತೇಳು ವರ್ಷಗಳಲ್ಲಿ ಆ ಗಾಡಿಯನ್ನು ಬಿಚ್ಚಿದುದೆಷ್ಟು ಸಲ, ಮತ್ತೆ ಕಟ್ಟಿದುದೆಷ್ಟು ಸಲ ಎಂಬುದಕ್ಕೆ ಆ ಗೂಡೊಂದೇ ಸಾಕ್ಷಿ.

ಒಂದು ಯಂತ್ರ, ಒಬ್ಬ ಯುವಕ

ಮನ್ರೋ ಹುಟ್ಟಿದುದು ೧೮೯೯ರ ಮಾರ್ಚ್ ೨೫ರಂದು, ಇನ್ವರ್ಕಾರ್ಗಿಲ್ ನಗರದಲ್ಲಿ. ಬೆಳೆದುದು ಆ ಸೀಮೆಯ ಬೇಸಾಯದ ಮನೆಯಲ್ಲಿ. ಕುದುರೆಯ ಬೆನ್ನೇರಿ ಹೊಲದ ಉದ್ದಗಲಕ್ಕೂ ನಾಗಾಲೋಟದಲ್ಲಿ ಓಡುವುದು ಬಾಲ್ಯದಿಂದಲೂ ಅವನಿಗೆ ಪ್ರಿಯವಾಗಿತ್ತು. ೧೯೨೦ರಲ್ಲಿ ಅವನ ಮನಸ್ಸನ್ನು ಬೇರೊಂದು ಕುದುರೆ ಸೆಳೆಯಿತು. ಅದೇ 'ಇಂಡಿಯನ್ ಸ್ಕೌಟ್'.

ಹೆಸರನ್ನು ಕಂಡು ಇದು ನಮ್ಮ ದೇಶದಲ್ಲಿ ತಯಾರಾದ ಗಾಡಿಯೆಂದು ಓದುಗರು ಭ್ರಮಿಸಬಾರದು. ಅಮೆರಿಕದ ಮೂಲನಿವಾಸಿಗಳಿಗೆ ಯೂರೋಪಿಯನರು ತಪ್ಪಾಗಿ ಅಂಟಿಸಿದ ಹೆಸರನ್ನೇ ಆ ಕಾರ್ಖಾನೆ ತನ್ನ ಗಾಡಿಗಳಿಗೂ ಇಟ್ಟಿತ್ತು. ಕಾರ್ಖಾನೆ ಇದ್ದುದು ಮ್ಯಾಸಚೂಸೆಟ್ಸ್ ಪ್ರಾಂತ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಸ್ಕೌಟ್ ಗಾಡಿಯನ್ನು ರೂಪಿಸಿದವನು ಚಾರ್ಲ್ಸ್ ಫ್ರಾಂಕ್ಲಿನ್ ಎಂಬ ಐರ್ಲೆಂಡಿನ ಎಂಜಿನಿಯರು. ಇಂಗ್ಲಿಷಿನ 'ವಿ' ಅಕ್ಷರದಂತೆ ಕವಲಾಗಿ ನಿಂತ ಎರಡು ಸಿಲಿಂಡರುಗಳು. ಎರಡೂ ಸೇರಿ ಸುಮಾರು ೬೦೦ ಸಿ.ಸಿ. ಗಾತ್ರ, ಮೂರು ಗೇರುಗಳು. ಅದು ಮಜಬೂತಾದ, ನಂಬಿಗಸ್ತ ಗಾಡಿಯೆಂದು ಹೆಸರು ಪಡೆದಿತ್ತು. ಮನ್ರೋ ಕೊಂಡ ಗಾಡಿಯ ಎಂಜಿನ್ ಸಂಖ್ಯೆ ೫೦ಆರ್೬೨೭. ಅಂದರೆ ಕಾರ್ಖಾನೆಯಿಂದ ಹೊರಬಿದ್ದ ಆರುನೂರ ಇಪ್ಪತ್ತೇಳನೆಯ ಸ್ಕೌಟ್. ಗಂಟೆಗೆ ಐವತ್ತೈದು ಮೈಲಿ, ಅಂದರೆ ಸುಮಾರು ೮೯ ಕಿಲೋಮೀಟರು, ಅದರ ಪರಮಾವಧಿ ವೇಗ.

ಅಂದಿನ ರಸ್ತೆಗಳಿಗೆ ಅಷ್ಟೇ ಹೆಚ್ಚಾಯಿತು. ಆದರೆ ಮನ್ರೋಗೆ ಸಾಲದಾಯಿತು. ೧೯೨೬ರಲ್ಲಿ ಆತನು ಗಾಡಿಯ ಎಂಜಿನ್ನನ್ನು ಬಿಚ್ಚಿದನು. ಅಂದು ಹಿಡಿದ ಸ್ಪಾನರನ್ನು ಕೆಳಗಿಟ್ಟುದು ಅರ್ಧ ಶತಮಾನದ ತರುವಾಯ.

ಡಬ್ಬಿಯಲ್ಲಿ ಎರಕ, ಕೊಳವೆಯಲ್ಲಿ ಸಿಲಿಂಡರು

ಹಣವಂತರಿಗೆ ಪಂದ್ಯದ ಗಾಡಿ ಸುಲಭ. ಹೊಸ ಗಾಡಿ ಕೊಳ್ಳುತ್ತಾರೆ, ಅದು ಹಳತಾದರೆ ಮತ್ತೊಂದನ್ನು ಕೊಳ್ಳುತ್ತಾರೆ. ಮನ್ರೋ ಹಾಗಲ್ಲ. ಹಗಲು ಮೋಟಾರು ಸೈಕಲು ಮಾರುವ, ರಿಪೇರಿ ಮಾಡುವ ನೌಕರಿ. ಇರುಳು ತನ್ನ ಗಾಡಿಯ ಸೇವೆ. ಬೇಕಾದ ಭಾಗಗಳನ್ನು ಕೊಳ್ಳಲು ಕಾಸಿಲ್ಲದಾಗ ಆತನಿಗುಳಿದ ದಾರಿ ಒಂದೇ: ಎಲ್ಲವನ್ನೂ ತಾನೇ ಮಾಡಿಕೊಳ್ಳುವುದು.

ಎಂಜಿನ್ನಿನ ಒಳಗೆ ನಡೆಯುವುದೇನೆಂಬುದನ್ನು ಸ್ಥೂಲವಾಗಿ ತಿಳಿದರೆ ಆತನ ಕೆಲಸದ ಕಷ್ಟ ಮನಗಾಣುವುದು. ಸಿಲಿಂಡರೆಂಬ ಕೊಳವೆಯಲ್ಲಿ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು ಉರಿಯುತ್ತವೆ. ಆ ಉರಿಯ ಒತ್ತಡ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಪಿಸ್ಟನ್ನಿಗೆ ಕಟ್ಟಿದ ಕನೆಕ್ಟಿಂಗ್ ರಾಡು ಆ ನೂಕನ್ನು ಚಕ್ರದ ತಿರುಗುವಿಕೆಯಾಗಿ ಮಾರ್ಪಡಿಸುತ್ತದೆ. ಹೆಚ್ಚು ವೇಗ ಬೇಕೆಂದರೆ ಎಂಜಿನ್ನು ಹೆಚ್ಚು ಗಾಳಿಯನ್ನು ಸೇದಬೇಕು, ಹೆಚ್ಚು ಒತ್ತಿ ಉರಿಸಬೇಕು, ಹೆಚ್ಚು ಸಲ ತಿರುಗಬೇಕು. ಈ ಮೂರರಲ್ಲಿ ಯಾವುದನ್ನು ಹೆಚ್ಚಿಸಿದರೂ ಲೋಹಕ್ಕೆ ಸಂಕಟ. ಉರಿ ಮಿತಿಮೀರಿದರೆ ಅಲ್ಯುಮಿನಿಯಮ್ಮಿನ ಪಿಸ್ಟನ್ನು ಬೆಣ್ಣೆಯಂತೆ ಕರಗುತ್ತದೆ. ತಿರುಗುವ ವೇಗ ಎರಡರಷ್ಟಾದರೆ ರಾಡಿನ ಮೇಲಿನ ಜಗ್ಗು ನಾಲ್ಕರಷ್ಟಾಗುತ್ತದೆ. ನಿಮಿಷಕ್ಕೆ ಸಾವಿರಾರು ಸಲ ತಿರುಗುವ ಎಂಜಿನ್ನಿನೊಳಗೆ ರಾಡೊಂದು ತುಂಡಾದರೆ ಅದು ಪೆಟ್ಟಿಗೆಯನ್ನು ಸೀಳಿಕೊಂಡೇ ಹೊರಬರುತ್ತದೆ.

ಸ್ಕೌಟ್ ಗಾಡಿಯ ಮೂಲ ರಚನೆಯಲ್ಲಿ ಗಾಳಿಯನ್ನು ಒಳಬಿಡುವ, ಹೊಗೆಯನ್ನು ಹೊರಬಿಡುವ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಈ ಏರ್ಪಾಡು ಸರಳವಾದುದು. ಆದರೆ ಒಳಬರುವ ಗಾಳಿ ಮೂಲೆಮುರಿದು ಸುತ್ತಿಕೊಂಡು ಬರಬೇಕು, ಉರಿಯುವ ಕೋಣೆಯೂ ಅಗಲವಾಗಿ ಚಪ್ಪಟೆಯಾಗಿರುತ್ತದೆ. ಮನ್ರೋ ಕವಾಟಗಳನ್ನು ಸಿಲಿಂಡರಿನ ನೆತ್ತಿಗೇರಿಸಿದನು. ಗಾಳಿಗೆ ನೇರವಾದ ಹಾದಿ ದೊರೆಯಿತು. ಮಿಶ್ರಣವನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಉರಿಸುವುದು ಸಾಧ್ಯವಾಯಿತು. ಕವಾಟಗಳನ್ನು ತೆರೆಯುವ ಎರಡು ಕ್ಯಾಮುಗಳಿದ್ದ ಕಡೆ ನಾಲ್ಕನ್ನು ಕೂರಿಸಿದನು. ಪ್ರತಿಯೊಂದು ಕವಾಟವನ್ನೂ ಅದರದರ ಹೊತ್ತಿಗೆ, ಅದರದರ ಅಳತೆಗೆ ತೆರೆಯುವ ಸ್ವಾತಂತ್ರ್ಯ ಇದರಿಂದ ಲಭಿಸಿತು.

ಪಿಸ್ಟನ್ನುಗಳನ್ನು ಆತನು ಹಳೆಯ ತಗಡಿನ ಡಬ್ಬಿಗಳಲ್ಲಿ ಎರಕ ಹೊಯ್ದನು. ಸಿಲಿಂಡರುಗಳಿಗೆ, ಊರಿನ ಗ್ಯಾಸು ಹರಿಸುತ್ತಿದ್ದ ಹಳೆಯ ಬೀಡುಕಬ್ಬಿಣದ ಕೊಳವೆಗಳನ್ನು ಕೊರೆದನು. ಕನೆಕ್ಟಿಂಗ್ ರಾಡುಗಳು ಟ್ರಾಕ್ಟರೊಂದರ ಅಚ್ಚಿನ ಉಕ್ಕಿನಿಂದ ಹುಟ್ಟಿದವು; ಗಟ್ಟಿ ಉಕ್ಕನ್ನು ಕೊಯ್ದು, ಅರದಿಂದ ಉಜ್ಜಿ ಆಕಾರಕ್ಕೆ ತರುವುದು ವಾರಗಟ್ಟಲೆಯ ಕೆಲಸ. ಭಾರದ ಚಕ್ರಗಳನ್ನೂ ಆತನೇ ಮಾಡಿದನು. ಹೆಚ್ಚಿದ ಬಲವನ್ನು ತಡೆದುಕೊಳ್ಳಲು ಹದಿನೇಳು ಬಿಲ್ಲೆಗಳ ಕ್ಲಚ್ಚನ್ನು ಕಟ್ಟಿದನು. ಒಂದು ಸರಪಳಿ ಹರಿದುಹೋಗುವುದೆಂದು ಮೂರು ಸಾಲಿನ ಸರಪಳಿಯನ್ನು ಜೋಡಿಸಿದನು. ಕೂದಲೆಳೆಯ ದಪ್ಪವನ್ನು ಅಳೆಯುವ ಮೈಕ್ರೋಮೀಟರಿನ ಬದಲು ಆತನ ಕೈಯಲ್ಲಿದ್ದುದು ಚಕ್ರದ ಒಂದು ಹಳೆಯ ಕಡ್ಡಿ! ಅದರ ತುದಿಯನ್ನು ಸವೆಸಿ ಅಳತೆಗೋಲು ಮಾಡಿಕೊಂಡಿದ್ದನು. ಕಣ್ಣು, ಬೆರಳು ಮತ್ತು ಅನುಭವ ಉಳಿದ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದವು.

ಇವೆಲ್ಲವೂ ಒಂದೇ ಸಲಕ್ಕೆ ಫಲಿಸಿದವೆಂದು ಯಾರೂ ಭಾವಿಸಬಾರದು. ಹೊಸ ಭಾಗವೊಂದನ್ನು ಕೂರಿಸಿ ಗಾಡಿಯನ್ನು ಓಡಿಸಬೇಕು, ಎಲ್ಲಿ ಮುರಿಯುವುದೋ ಕಾದು ನೋಡಬೇಕು, ಮುರಿದುದನ್ನು ಕೈಗೆತ್ತಿಕೊಂಡು ಅದು ಏಕೆ ಮುರಿಯಿತೆಂದು ಪರೀಕ್ಷಿಸಬೇಕು, ಮತ್ತೆ ಮಾಡಬೇಕು. ಪಿಸ್ಟನ್ನು ಕರಗಿದ ಕಡೆ ಉರಿ ಹೆಚ್ಚೆಂದು ತಿಳಿಯಿತು. ರಾಡು ಸೀಳಿದ ಕಡೆ ಉಕ್ಕು ಸಾಲದೆಂದು ತಿಳಿಯಿತು. ಕಾಲೇಜಿನ ಮೆಟ್ಟಿಲು ಹತ್ತದ ಮನ್ರೋಗೆ ಆ ಮುರುಕು ಕಬ್ಬಿಣಗಳೇ ಪಠ್ಯಪುಸ್ತಕಗಳಾದವು. ಓದಿ ಮುಗಿದ ಪುಸ್ತಕವನ್ನು ಕಪಾಟಿನಲ್ಲಿಡುವಂತೆ ಆತನು ಅವನ್ನು ಗೂಡಿನಲ್ಲಿಟ್ಟನು.

ತೆತ್ತ ಬೆಲೆ

ಇನ್ವರ್ಕಾರ್ಗಿಲ್ಲಿಗೆ ಹತ್ತಿರದಲ್ಲಿ ಒರೆಟಿ ಎಂಬ ಸಮುದ್ರತೀರವಿದೆ. ಅಲೆ ಹಿಂದೆಗೆದಾಗ ಅದರ ಮರಳು ಸಿಮೆಂಟಿನಂತೆ ಗಟ್ಟಿಯಾಗಿ, ಮೈಲಿಗಟ್ಟಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಅದೇ ಮನ್ರೋನ ಪರೀಕ್ಷಾಂಗಣ. ೧೯೪೦ರ ಹೊತ್ತಿಗೆ ಆತನು ನ್ಯೂಜಿಲೆಂಡಿನ ರಸ್ತೆಯ ಮೇಲೆ ಗಂಟೆಗೆ ೧೨೦ ಮೈಲಿಗೂ ಮಿಕ್ಕಿ ಓಡಿ ದಾಖಲೆ ಮಾಡಿದ್ದನು. ೧೯೩೬ರ ಒಂದು ವೆಲೊಸೆಟ್ ಗಾಡಿಯೂ ಅವನ ಕೈಗೆ ಸಿಕ್ಕಿ ಇದೇ ರೀತಿಯ ಅವತಾರಗಳನ್ನೆತ್ತಿತು. ಆದರೂ ಹಿರಿಯ ಮಗನಂತೆ ಸ್ಕೌಟ್ ಗಾಡಿಯ ಮೇಲೆಯೇ ಅವನ ಮಮತೆ ಹೆಚ್ಚು.

ಒಬ್ಬನ ಮನಸ್ಸೆಲ್ಲ ಒಂದು ಯಂತ್ರದಲ್ಲಿ ನೆಟ್ಟರೆ ಮನೆಯ ಪಾಡೇನು? ಮನ್ರೋಗೆ ಹೆಂಡತಿ ಇದ್ದಳು, ನಾಲ್ವರು ಮಕ್ಕಳಿದ್ದರು. ಹಗಲೆಲ್ಲ ನೌಕರಿ, ರಾತ್ರಿಯೆಲ್ಲ ಅರದ ಸದ್ದು ಎಂಬ ಸಂಸಾರ ಬಹುಕಾಲ ನಿಲ್ಲಲಿಲ್ಲ. ೧೯೪೦ರ ದಶಕದಲ್ಲಿ ದಾಂಪತ್ಯ ಮುರಿಯಿತು. ಮುಂದೆ ಆತನು ನೌಕರಿಯನ್ನೂ ಬಿಟ್ಟು, ಒಂದು ಗಾರೇಜಿನಲ್ಲಿ ಗಾಡಿಗಳೊಡನೆ ವಾಸಮಾಡತೊಡಗಿದನು. ಮಲಗುವುದೂ ಅಲ್ಲಿ, ಎರಕ ಹೊಯ್ಯುವುದೂ ಅಲ್ಲಿ. ೧೯೫೦ರ ದಶಕದ ಕೊನೆಗೆ ಎದೆನೋವು ಕಾಣಿಸಿಕೊಂಡಿತು. ಹೃದಯದ ರಕ್ತನಾಳಗಳು ಸೊರಗಿದ್ದವು. ವೇಗದೇವತೆ ಸ್ವೀಕರಿಸಿದ ನೈವೇದ್ಯ ಗೂಡಿನಲ್ಲಿದ್ದ ಲೋಹವಷ್ಟೇ ಆಗಿರಲಿಲ್ಲ. ಇದನ್ನು ಮರೆತು ಆತನ ಸಾಹಸವನ್ನಷ್ಟೇ ಹೊಗಳುವುದು ಅರ್ಧ ಸತ್ಯವಾದೀತು.

ಉಪ್ಪಿನ ಬಯಲು

ಅಮೆರಿಕದ ಯೂಟಾ ಪ್ರಾಂತ್ಯದಲ್ಲಿ ಬಾನವಿಲ್ ಎಂಬ ಬಯಲಿದೆ. ಪುರಾತನ ಹಿಮಯುಗದ ಮಹಾಸರೋವರವೊಂದು ಆರಿ ಹೋದ ಮೇಲೆ ಉಳಿದ ಉಪ್ಪು ಅಲ್ಲಿ ಹಾಸುಗಲ್ಲಿನಂತೆ ಹೆಪ್ಪುಗಟ್ಟಿದೆ. ಗಿಡವಿಲ್ಲ, ಹುಲ್ಲಿಲ್ಲ, ದಿಬ್ಬವಿಲ್ಲ. ಕಣ್ಣು ಹರಿಯುವವರೆಗೂ ಬೆಳ್ಳಗೆ ಹೊಳೆಯುವ ನೆಲ. ಸಮುದ್ರಮಟ್ಟದಿಂದ ನಾಲ್ಕು ಸಾವಿರದ ಇನ್ನೂರು ಅಡಿಗಳಷ್ಟು ಎತ್ತರ. ಬೇಸಗೆಯ ಕೊನೆಯಲ್ಲಿ ಉಪ್ಪು ಒಣಗಿ ಗಟ್ಟಿಯಾದಾಗ ಜಗತ್ತಿನ ವೇಗೋಪಾಸಕರೆಲ್ಲ ಅಲ್ಲಿ ಸೇರುತ್ತಾರೆ. ೧೯೪೭ರಲ್ಲಿ ಜಾನ್ ಕಾಬ್ ಎಂಬಾತ ಅಲ್ಲಿಯೇ ತನ್ನ ಕಾರನ್ನು ಗಂಟೆಗೆ ೩೯೪ ಮೈಲಿಯ ಸರಾಸರಿ ವೇಗದಲ್ಲಿ ಓಡಿಸಿದನು. ಮರುವರ್ಷ ರೋಲಿ ಫ್ರೀ ಎಂಬ ಸವಾರನು ಗಾಳಿಯ ತಡೆಯನ್ನು ತಗ್ಗಿಸಲೆಂದು ಉಡುಪನ್ನೆಲ್ಲ ಕಳಚಿ, ಈಜುಚಡ್ಡಿಯಷ್ಟನ್ನೇ ಧರಿಸಿ, ವಿನ್ಸೆಂಟ್ ಮೋಟಾರು ಸೈಕಲಿನ ಮೇಲೆ ಬೋರಲಾಗಿ ಮಲಗಿ ೧೫೦ ಮೈಲಿ ವೇಗವನ್ನು ದಾಟಿದುದೂ ಅಲ್ಲಿಯೇ.

ಬೋರಲು ಮಲಗಿದುದರಲ್ಲಿ ಹುಚ್ಚಿನ ಜೊತೆಗೆ ಲೆಕ್ಕವೂ ಇತ್ತು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು. ಆ ತಡೆಯನ್ನು ಗೆಲ್ಲಲು ಬೇಕಾದ ಎಂಜಿನ್ ಶಕ್ತಿ ಎಂಟರಷ್ಟು. ಈ ಲೆಕ್ಕದಂತೆ, ೫೫ ಮೈಲಿ ಓಡುತ್ತಿದ್ದ ಗಾಡಿಯನ್ನು ಆಕಾರ ಬದಲಿಸದೆ ೧೮೪ ಮೈಲಿ ಓಡಿಸಬೇಕಾದರೆ ಗಾಳಿಯೊಡನೆ ಹೋರಾಡುವುದಕ್ಕೇ ಸುಮಾರು ಮೂವತ್ತೇಳು ಪಟ್ಟು ಶಕ್ತಿ ಬೇಕು. ಯಾವ ಎಂಜಿನ್ನಿಂದ ಅದನ್ನು ಹಿಂಡಲಾದೀತು? ಆದ್ದರಿಂದ ಮನ್ರೋ ಗಾಡಿಗೆ ಮೀನಿನಾಕಾರದ ಹೊದಿಕೆಯನ್ನು ತೊಡಿಸಿದನು. ಸವಾರ ಅದರೊಳಗೆ ಮುದುಡಿ, ಮುಂದಕ್ಕೆ ಬಾಗಿ ಕೂರಬೇಕು. ಹೊದಿಕೆ ಗಾಳಿಯನ್ನು ನಯವಾಗಿ ಸೀಳಿತು, ನಿಜ. ಆದರೆ ಹೊಸದೊಂದು ಅಪಾಯವನ್ನೂ ತಂದಿತು. ಬಾಣದ ಭಾರ ಮುಂದಿರಬೇಕು, ಗರಿ ಹಿಂದಿರಬೇಕು. ಆಗಲೇ ಅದು ನೇರವಾಗಿ ಹಾರುವುದು. ಹೊದಿಕೆಯ ಮೇಲೆ ಗಾಳಿಯ ಒತ್ತಡ ಬೀಳುವ ಸ್ಥಾನ ಗಾಡಿಯ ಭಾರದ ಸ್ಥಾನಕ್ಕಿಂತ ಮುಂದಾದರೆ ಇಡೀ ಗಾಡಿ ಹಾವಿನಂತೆ ಹೊಯ್ದಾಡಲು ತೊಡಗುತ್ತದೆ.

ಮನ್ರೋ ಬಾನವಿಲ್ಲಿಗೆ ಹತ್ತು ಸಲ ಹೋದನು. ಮೊದಲನೆಯ ಸಲ ಬರಿದೆ ನೋಡಿ ಬರಲು. ಉಳಿದ ಒಂಬತ್ತು ಸಲ ಓಡಿಸಲು. ೧೯೬೨ರಲ್ಲಿ, ಅರುವತ್ತಮೂರು ವರ್ಷದ ಮುದುಕನು ನಲವತ್ತೆರಡು ವರ್ಷದ ಗಾಡಿಯೊಡನೆ ಉಪ್ಪಿನ ಮೇಲಿಳಿದನು. ಎಂಜಿನ್ನಿನ ಗಾತ್ರ ಆಗ ೮೫೦ ಸಿ.ಸಿ. ಗೇರುಗಳನ್ನು ಅತಿವೇಗಕ್ಕೆಂದೇ ಹೊಂದಿಸಿದ್ದುದರಿಂದ ಆ ಗಾಡಿ ನಿಂತಲ್ಲಿಂದ ತಾನಾಗಿ ಹೊರಡದು; ಹಿಂದಿನಿಂದ ಯಾರಾದರೂ ತಳ್ಳಬೇಕು. ಒಮ್ಮೆ ಎಂಜಿನ್ನು ಉಸಿರು ಹಿಡಿದ ಮೇಲೆ ಅದನ್ನು ಹಿಡಿಯುವವರಿಲ್ಲ. ದಾಖಲೆಯೆನಿಸಬೇಕಾದರೆ ಒಂದು ದಿಕ್ಕಿನಲ್ಲಿ ಓಡಿ, ಮತ್ತೆ ಎದುರು ದಿಕ್ಕಿನಲ್ಲಿಯೂ ಓಡಬೇಕು. ಗಾಳಿಯ ಅನುಕೂಲ ಯಾರಿಗೂ ಸಲ್ಲದಿರಲೆಂದು ಎರಡರ ಸರಾಸರಿಯನ್ನು ತೆಗೆಯುತ್ತಾರೆ. ಆ ವರ್ಷ ಮನ್ರೋ ಗಂಟೆಗೆ ಸುಮಾರು ೧೭೯ ಮೈಲಿ, ಎಂದರೆ ೨೮೮ ಕಿಲೋಮೀಟರು ವೇಗವನ್ನು ಮುಟ್ಟಿ, ೮೮೩ ಸಿ.ಸಿ. ವರ್ಗದಲ್ಲಿ ವಿಶ್ವದಾಖಲೆಯನ್ನು ತನ್ನದಾಗಿಸಿಕೊಂಡನು.

ಅನಂತರದ ವರ್ಷಗಳೆಲ್ಲ ಜಯಭೇರಿಯ ವರ್ಷಗಳಲ್ಲ. ಸಾವಿರಾರು ಮೈಲಿ ಸಮುದ್ರ ದಾಟಿ ಬಂದರೂ ಎಂಜಿನ್ನು ಒಡೆದರೆ ಬರಿಗೈಯಲ್ಲಿ ಮರಳಬೇಕು. ೧೯೬೬ರಲ್ಲಿ ೯೨೦ ಸಿ.ಸಿ. ಎಂಜಿನ್ನಿನಿಂದ ೧೦೦೦ ಸಿ.ಸಿ. ವರ್ಗದಲ್ಲಿ ಹೊಸ ದಾಖಲೆಯಾಯಿತು. ಆದರೆ ವೇಗ ೧೬೮ ಮೈಲಿ ಮಾತ್ರ, ನಾಲ್ಕು ವರ್ಷಗಳ ಹಿಂದಿನದಕ್ಕಿಂತ ಕಡಿಮೆ! ಎಂಜಿನ್ನು ದೊಡ್ಡದಾದ ಮಾತ್ರಕ್ಕೆ ವೇಗ ಹೆಚ್ಚುವುದೆಂಬ ನಿಯಮವಿಲ್ಲ. ಆತನು ಊರಿಗೆ ಮರಳಿ ಮತ್ತೆ ಎಂಜಿನ್ನನ್ನು ಬಿಚ್ಚಿದನು.

೧೯೬೭ರಲ್ಲಿ ಎಂಜಿನ್ನು ೯೫೦ ಸಿ.ಸಿ.ಗೆ ಬೆಳೆದಿತ್ತು. ಅರ್ಹತೆಯ ಓಟದಲ್ಲಿ, ಒಂದೇ ದಿಕ್ಕಿನಲ್ಲಿ, ಗಾಡಿ ಗಂಟೆಗೆ ೧೯೦.೦೭ ಮೈಲಿ ಓಡಿತು. ಅಂದರೆ ೩೦೫ ಕಿಲೋಮೀಟರಿಗೂ ಮಿಕ್ಕಿದ ವೇಗ. ಎರಡು ದಿಕ್ಕುಗಳ ಸರಾಸರಿ ೧೮೩.೫೮೬ ಮೈಲಿ ಎಂದು ದಾಖಲೆಯ ಪುಸ್ತಕದಲ್ಲಿ ಬರೆದರು. ಸಾವಿರ ಸಿ.ಸಿ.ಗೆ ಒಳಗಿನ ವರ್ಗದಲ್ಲಿ ಅದೇ ವಿಶ್ವದಾಖಲೆಯಾಯಿತು.

ಆ ವರ್ಷದ ಒಂದು ಓಟದಲ್ಲಿ ಮೃತ್ಯುವೂ ಬಳಿಸಾರಿ ಹೋಯಿತು. ಅರ್ಧ ದಾರಿ ಕಳೆಯುವಷ್ಟರಲ್ಲಿ ಗಾಡಿ ಹೊಯ್ದಾಡತೊಡಗಿತು. ವೇಗ ತಗ್ಗಿಸಲು ಬೇರೆ ಉಪಾಯ ತೋರದೆ ಮನ್ರೋ ಎದ್ದು ಕುಳಿತು ಎದೆಯನ್ನೇ ಗಾಳಿಗೆ ಅಡ್ಡವೊಡ್ಡಿದನು. ಗಾಳಿಯ ಹೊಡೆತಕ್ಕೆ ಕನ್ನಡಕ ಕಿತ್ತುಹೋಯಿತು; ಕಣ್ಣು ಕಾಣದಾಯಿತು. ದಾರಿ ತೋರಲು ಉಪ್ಪಿನ ಮೇಲೆಳೆದಿದ್ದ ಕಪ್ಪು ಗೆರೆಯನ್ನು ಬಿಟ್ಟು ಗಾಡಿ ಎಷ್ಟೋ ದೂರ ಸರಿದಿತ್ತು. ಉಕ್ಕಿನ ಗುರುತುಗೂಟವೊಂದು ಅಂಗುಲಗಳ ಅಂತರದಲ್ಲಿ ತಪ್ಪಿತು. ಕೊನೆಗೆ ಗಾಡಿಯನ್ನು ಪಕ್ಕಕ್ಕೆ ಕೆಡವಿ ನಿಲ್ಲಿಸಿದನು. ಅಲ್ಲಲ್ಲಿ ತರಚಿದ ಗಾಯಗಳು, ಅಷ್ಟೇ. ಅದನ್ನು ಕುರಿತು ಬರೆದಾಗಲೂ ಆತನ ಧಾಟಿ ಮಳೆಯಲ್ಲಿ ನೆನೆದುದನ್ನು ಹೇಳುವವನಂತಿತ್ತು.

ಅದೇ ಗಾಡಿಯೇ?

ಇಲ್ಲೊಂದು ಪ್ರಶ್ನೆ ಹುಟ್ಟುತ್ತದೆ. ಸಿಲಿಂಡರು ಬದಲಾಯಿತು, ಪಿಸ್ಟನ್ನು ಬದಲಾಯಿತು, ರಾಡು, ಚಕ್ರ, ಕ್ಲಚ್ಚು, ಕವಾಟ, ಸರಪಳಿ ಎಲ್ಲವೂ ಬದಲಾದವು, ಆರುನೂರು ಸಿ.ಸಿ. ಒಂಬೈನೂರೈವತ್ತಾಯಿತು. ಇನ್ನು ಇದು ೧೯೨೦ರ ಸ್ಕೌಟ್ ಎಂದು ಹೇಳುವುದೆಂತು? ಹಿಡಿ ಮೂರು ಸಲ, ಅಲಗು ಎರಡು ಸಲ ಬದಲಾದರೂ ಇದು ಅಜ್ಜನ ಕೊಡಲಿಯೇ ಎನ್ನುವವನ ಮಾತಿನಂತೆ ಇದೂ ತಮಾಷೆಯಲ್ಲವೇ?

ತಾರ್ಕಿಕರು ಏನೇ ಹೇಳಲಿ, ಮನ್ರೋಗೆ ಈ ಸಂಶಯ ಬಾಧಿಸಿದಂತಿಲ್ಲ. ಹೊಸದಾದ ಪ್ರತಿಯೊಂದು ಭಾಗವೂ ಮುರಿದ ಹಳೆಯದೊಂದರಿಂದ ಪಾಠ ಕಲಿತು ಹುಟ್ಟಿತ್ತು. ಕಾರ್ಖಾನೆಯಿಂದ ಬಂದ ಲೋಹ ಕಡಿಮೆಯಾದಂತೆಲ್ಲ ಆ ಒಬ್ಬನ ಇರುಳುಗಳು ಅದರಲ್ಲಿ ತುಂಬುತ್ತ ಹೋದವು. ಅದನ್ನು ಕಟ್ಟಿದ ಕಾರ್ಖಾನೆ ೧೯೫೩ರಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಅದು ಬಾಗಿಲು ಮುಚ್ಚಿದ ಒಂಬತ್ತು ವರ್ಷಗಳ ಮೇಲೆ ಅದರ ಹಳೆಯ ಗಾಡಿ ವಿಶ್ವದಾಖಲೆ ಮಾಡಿತು. ಆ ಗೌರವ ಕಾರ್ಖಾನೆಗೆಷ್ಟು, ಗಾರೇಜಿಗೆಷ್ಟು ಎಂಬುದನ್ನು ಓದುಗರೇ ಹಂಚಬಹುದು.

ಒಂದು ತಪ್ಪು ಲೆಕ್ಕ

ಮನ್ರೋನ ಕಥೆ ಬಹುಕಾಲ ಗುಟ್ಟಾಗಿ ಉಳಿಯಲಿಲ್ಲ. ರಾಜರ್ ಡೊನಾಲ್ಡ್‌ಸನ್ ಎಂಬ ನಿರ್ದೇಶಕನು ೧೯೭೧ರಲ್ಲಿ ಆತನನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ತೆಗೆದನು. ಗೂಡಿನ ಮೇಲಿನ ಬರಹವೇ ಅದರ ಹೆಸರಾಯಿತು. ಅದೇ ನಿರ್ದೇಶಕನು ೨೦೦೫ರಲ್ಲಿ ಕಥಾಚಿತ್ರವನ್ನೂ ಮಾಡಿದನು. ಆಂಟನಿ ಹಾಪ್ಕಿನ್ಸ್ ಮನ್ರೋ ಆಗಿ ನಟಿಸಿದನು. ಚಿತ್ರದಲ್ಲಿ ಹಲವು ವರ್ಷಗಳ ಯಾತ್ರೆಗಳು ಒಂದೇ ಯಾತ್ರೆಯಾಗಿ ಮುದುಡಿಕೊಂಡಿವೆ. ನಿಜ ಜೀವನದಲ್ಲಿ ಅಷ್ಟು ಬೇಗ ಉಪ್ಪು ಕರಗಲಿಲ್ಲ.

೧೯೭೭ರಲ್ಲಿ ಪಾರ್ಶ್ವವಾಯು ಬಡಿದು ಕೈಕಾಲು ಸೋತಾಗ, ತನ್ನ ಗಾಡಿಗಳು ಹುಟ್ಟೂರಿನ ಸೀಮೆಯನ್ನು ಬಿಟ್ಟು ಹೋಗಬಾರದೆಂಬುದು ಆತನ ಬಯಕೆಯಾಗಿತ್ತು. ಅದರಂತೆ ಊರಿನ ವ್ಯಾಪಾರಿಯೊಬ್ಬನಿಗೇ ಅವನ್ನು ಮಾರಿದನು. ಇನ್ವರ್ಕಾರ್ಗಿಲ್ಲಿನ ಹೇಸ್ ಎಂಬ ಕಬ್ಬಿಣ ಸಾಮಾನಿನ ಅಂಗಡಿಯಲ್ಲಿ, ಮೊಳೆ ಸುತ್ತಿಗೆಗಳ ನಡುವೆ, ಆ ಸ್ಕೌಟ್ ಗಾಡಿ ಪ್ರದರ್ಶನಕ್ಕಿದೆ. ಅದಕ್ಕಿಂತ ತಕ್ಕ ಸ್ಥಳವನ್ನು ಅರಸುವುದು ಕಷ್ಟ. ೧೯೭೮ರ ಜನವರಿ ೬ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮನ್ರೋ ತೀರಿಕೊಂಡನು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ೧೯೬೭ರ ಓಟದ ಅಂಕಿಗಳನ್ನು ಬಹುಕಾಲದ ಮೇಲೆ ಪರಿಶೀಲಿಸುತ್ತಿದ್ದ ಆತನ ಮಗ ಜಾನ್, ಸರಾಸರಿ ತೆಗೆಯುವಾಗ ಅಧಿಕಾರಿಗಳು ಲೆಕ್ಕ ತಪ್ಪಿದ್ದರೆಂಬುದನ್ನು ಕಂಡುಹಿಡಿದನು. ಅಮೆರಿಕದ ಮೋಟಾರು ಸೈಕಲ್ ಸಂಘ ತಪ್ಪನ್ನು ಒಪ್ಪಿಕೊಂಡು, ೨೦೧೪ರಲ್ಲಿ ದಾಖಲೆಯನ್ನು ೧೮೪.೦೮೭ ಮೈಲಿ ಎಂದು ತಿದ್ದಿತು. ಸತ್ತು ಮೂವತ್ತಾರು ವರ್ಷವಾದ ಮೇಲೆ ಮುದುಕನ ವೇಗ ಗಂಟೆಗೆ ಅರ್ಧ ಮೈಲಿ ಹೆಚ್ಚಿತು!

ಆ ಅರ್ಧ ಮೈಲಿಯಿಂದ ಜಗತ್ತಿಗೆ ಆದ ಲಾಭ ಏನೂ ಇರಲಾರದು. ಆದರೆ ತಂದೆಯನ್ನು ಗಾರೇಜಿನ ಪಾಲಿಗೆ ಬಿಟ್ಟುಕೊಟ್ಟಿದ್ದ ಮನೆಯ ಮಗನೇ ಕುಳಿತು, ತಂದೆಗೆ ಸಲ್ಲಬೇಕಾದುದನ್ನು ದಶಾಂಶ ಬಿಡದೆ ಲೆಕ್ಕ ಹಾಕಿ ಸಲ್ಲಿಸಿದನು. ಮುರಿದ ಪಿಸ್ಟನ್ನುಗಳ ಆ ಗೂಡಿನಲ್ಲಿ ಜಾಗವಿದ್ದಿದ್ದರೆ, ಆ ತಿದ್ದಿದ ಲೆಕ್ಕದ ಹಾಳೆಯನ್ನೂ ಅಲ್ಲಿಡಬಹುದಾಗಿತ್ತು.